ಮನೆಯ ಕೋಣೆ ಸ್ಟುಡಿಯೋ ಆಗುವಾಗ: ಯಾವುದು ಬೇಕು, ಯಾವುದು ಸಾಕು, ಯಾವುದು ದಂಡ

ಮೈಕ್ ಇದೆ, ಅದರ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಇಂಟರ್‌ಫೇಸ್ ಇದೆ, ಗೋಡೆಗೆ ಒಂದಷ್ಟು ಫೋಮ್ ಕೂಡ ಅಂಟಿಸಿದೆ. ಆದರೂ ಟೇಕ್ ತೆಗೆಯುವಾಗ ಫ್ಯಾನ್ ಆರಿಸಬೇಕು, ಪಕ್ಕದ ಮನೆಯ ಬೋರ್‌ವೆಲ್ ಮೋಟಾರ್ ನಿಲ್ಲಲಿ ಎಂದು ಕಾಯಬೇಕು. ಎಲ್ಲ ದನಿ ಬೆರೆಸಿ ಇಲ್ಲಿ ಚೆನ್ನಾಗಿ ಕೇಳಿದ ಮಿಕ್ಸ್ ಕಾರಿನಲ್ಲಿ ಹಾಕಿದರೆ ಬೇರೆಯೇ ಹಾಡು. ಬೆಂಗಳೂರು, ಮೈಸೂರು, ಧಾರವಾಡದ ಬಡಾವಣೆಗಳಲ್ಲಿ ಮನೆಯ ಮೊದಲ ಮಹಡಿಯಲ್ಲಿ ನಡೆಯುವ ಸ್ವತಂತ್ರ ಸ್ಟುಡಿಯೋಗಳು ಈ ಹಂತದಲ್ಲೇ ನಿಂತುಬಿಡುವುದು ಹೆಚ್ಚು. ಮುಂದಿನ ದುಡ್ಡು ಎಲ್ಲಿಗೆ ಹೋಗಬೇಕು? ನಮ್ಮ ಲೆಕ್ಕ ಸರಳ: ಆಮೇಲೆ ಒಡೆದು ಮಾಡಬೇಕಾಗುವ ಕೆಲಸಕ್ಕೆ ಮೊದಲು, ಯಾವತ್ತು ಬೇಕಾದರೂ ಅಂಗಡಿಯಿಂದ ತರಬಹುದಾದ ಮೈಕ್, ಸ್ಪೀಕರ್ ಮುಂತಾದ ಪೆಟ್ಟಿಗೆಗಳಿಗೆ ಕೊನೆಗೆ.

ಲೆಕ್ಕಕ್ಕೆ ಒಂದೇ ಕೋಣೆಯನ್ನು ಹಿಡಿದುಕೊಳ್ಳೋಣ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ. ಮೇಲೆ ಕೆಳಗೆ ಆರ್‌ಸಿಸಿ ಸ್ಲ್ಯಾಬ್, ಸುತ್ತ ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕ್ ಗೋಡೆ, ಒಂದು ಬಾಗಿಲು, ಒಂದು ಕಿಟಕಿ. ಕೆಲಸ ಅಂದರೆ ಭಾವಗೀತೆ, ವಚನ, ಶಾಸ್ತ್ರೀಯ ಗಾಯನ, ಹಾರ್ಮೋನಿಯಂ ತಬಲಾ, ಆಗಾಗ ಮೃದಂಗ, ವೀಣೆ, ಜೊತೆಗೆ ಡಬ್ಬಿಂಗ್ ಮತ್ತು ಜಾಹೀರಾತಿನ ದನಿ. ಲೈವ್ ಡ್ರಮ್ಸ್ ಬಾರಿಸುವವರಿಗೆ ಇಲ್ಲಿನ ಎಷ್ಟೋ ಮಾತು ಸಾಲದು.

ಬಾಡಿಗೆಯೋ, ಸ್ವಂತದ್ದೋ

ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಇದು. ಬಾಡಿಗೆ ಮನೆಯಾದರೆ ಗೋಡೆಗೆ ಜಿಪ್ಸಂ ಪದರ, ಹೊಸ ಚೌಕಟ್ಟು, ಕಿಟಕಿ ಮುಚ್ಚುವುದು, ಇವಕ್ಕೆ ಹಾಕಿದ ಹಣ ಮಾಲೀಕರಿಗೆ ಸೇರುತ್ತದೆ. ಅಂಥವರು ಶಬ್ದ ತಡೆಯುವ ಆಸೆ ಬಿಟ್ಟು, ಕೋಣೆಯ ಒಳಗಿನ ದನಿಯನ್ನಷ್ಟೇ ತಿದ್ದಿಕೊಳ್ಳಬೇಕು. ಬಿಚ್ಚಿ ಒಯ್ಯಬಹುದಾದ, ಸದ್ದು ಹೀರುವ ಪ್ಯಾನೆಲ್‌ಗಳು, ಕಾಲಿರುವ 6×2 ಅಡಿಯ ನಾಲ್ಕು ಗೋಬೋಗಳು (ಸರಿಸಬಹುದಾದ, ಸದ್ದು ಹೀರುವ ಅಡ್ಡತಟ್ಟೆಗಳು), ಬಾಗಿಲಿಗೆ ರಬ್ಬರ್ ಪಟ್ಟಿ, ಮತ್ತು ರಾತ್ರಿ ಹತ್ತರ ನಂತರದ ಟೇಕ್‌ಗಳು. ಇಷ್ಟರಲ್ಲೇ ಕೇಳುವಂಥ ಕೆಲಸ ಆಗುತ್ತದೆ.

ಸ್ವಂತ ಮನೆಯಾದರೆ ಮುಂದಿನದನ್ನೆಲ್ಲ ಓದಿ.

ಒಂದೇ ಕೋಣೆಯೋ, ಒಳಗೊಂದು ಬೂತೋ

ಸ್ಟುಡಿಯೋ ಅಂದರೆ ಗಾಜಿನಾಚೆ ಗಾಯಕ ಇರಲೇಬೇಕು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. 12×10ರ ಕೋಣೆಯಲ್ಲಿ 4×4 ಅಡಿ ಬೂತ್, ಅಂದರೆ ಗಾಯಕರಿಗೆಂದೇ ಮುಚ್ಚಿದ ಚಿಕ್ಕ ಕೋಣೆ, ಕಟ್ಟಿದರೆ ಆಗುವುದು ಎರಡು ಕೆಟ್ಟ ಕೋಣೆಗಳು.

ಎದುರುಬದುರು ಗೋಡೆಗಳ ನಡುವೆ ಯಾವ ಕಂಪನಾಂಕ ಊದಿಕೊಳ್ಳುತ್ತದೆ ಎಂದು ತಿಳಿಯಲು ಶಬ್ದದ ವೇಗವನ್ನು, ಅಂದರೆ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರನ್ನು, ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಬೇಕು. 4 ಅಡಿ ಅಂದರೆ 1.22 ಮೀಟರ್. ಉತ್ತರ 142 ಹರ್ಟ್ಸ್, ಅಂದರೆ ಸೆಕೆಂಡಿಗೆ 142 ಕಂಪನ. ಉದ್ದಕ್ಕೂ ಅಗಲಕ್ಕೂ ಅದೇ ಅಳತೆ, ಹಾಗಾಗಿ ಎರಡೂ ಅದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸರ ಷಡ್ಜ 139 ಹರ್ಟ್ಸ್. ಗಾಯಕ ಷಡ್ಜಕ್ಕೆ ಬಂದು ನಿಂತಾಗಲೆಲ್ಲ ಬೂತ್ ಗುಂಯ್ ಎನ್ನುತ್ತದೆ, ರಿಷಭಕ್ಕೆ ಹೋದರೆ ಸುಮ್ಮನಾಗುತ್ತದೆ. ಇದನ್ನು, ಆಯ್ದ ಕಂಪನಾಂಕದ ಸದ್ದನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ತೆಗೆಯಹೊರಟರೆ ಷಡ್ಜವೇ ಹೋಗುತ್ತದೆ. ಒಳಗೆ ದಪ್ಪ ಪದರ ತುಂಬಿ ಇದನ್ನು ತಗ್ಗಿಸಬಹುದು, ಆದರೆ 4 ಅಡಿಯಲ್ಲಿ ಎರಡೂ ಕಡೆ 8 ಇಂಚು ತೆಗೆದರೆ ಕೂತು ಹಾಡುವವರಿಗೆ ಮೊಣಕಾಲು ಚಾಚಲು ಜಾಗ ಉಳಿಯದು. ತಂಬೂರಿ ಹಿಡಿದು ಕೂರುವುದಂತೂ ದೂರದ ಮಾತು.

ಬೂತ್ ಸರಿಹೋಗುವುದು ಎರಡು ಸಂದರ್ಭದಲ್ಲಿ. ದಿನವಿಡೀ ಡಬ್ಬಿಂಗೇ ಕೆಲಸವಾಗಿದ್ದು, ನಿರ್ದೇಶಕರು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇರಬೇಕಾದಾಗ. ಅಥವಾ ಬೇರೆಯೇ ಒಂದು ಪೂರ್ಣ ಕೋಣೆ ಬೂತ್‌ಗೆ ಸಿಗುವಾಗ. ಉಳಿದವರಿಗೆ ಒಂದೇ ಕೋಣೆ ಒಳ್ಳೆಯದು. ಗಾಯಕ, ಎಂಜಿನಿಯರ್ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡರಾಯಿತು. ಫ್ಯಾನ್ ಸದ್ದಿರುವ ಕಂಪ್ಯೂಟರನ್ನು ಮಾತ್ರ ಗೋಡೆಯಾಚೆ ಇಡಬೇಕು. ಹಿರಿಯ ಗಾಯಕರಿಗೆ ಇದು ಇಷ್ಟವೂ ಹೌದು: ಗಾಜಿನ ಪೆಟ್ಟಿಗೆಯಲ್ಲಿ ಒಬ್ಬರೇ ಕೂತು ಹಾಡುವುದಕ್ಕಿಂತ ಎದುರಿಗೊಂದು ಮುಖ ಇದ್ದರೆ ಆಲಾಪ ಬೇರೆಯೇ ಬರುತ್ತದೆ.

ತಡೆಯುವುದು ಬೇರೆ, ಹೀರುವುದು ಬೇರೆ

ಹೊರಗಿನ ಸದ್ದು ಒಳಬಾರದಂತೆ ತಡೆಯಲು ತೂಕ ಬೇಕು, ಸಂದಿಯಿಲ್ಲದ ಮುಚ್ಚುಗೆ ಬೇಕು. ಒಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಹಿಂತಿರುಗದಂತೆ ಹೀರಲು ಗಾಳಿಯಾಡುವ ದಪ್ಪ ನಾರು ಬೇಕು. ಫೋಮ್, ಮೊಟ್ಟೆ ಟ್ರೇ, ಪರದೆ, ಕಲ್ಲಿನ ನಾರಿನ ರಾಕ್‌ವುಲ್ ಪ್ಯಾನೆಲ್, ಇವು ಯಾವುವೂ ಬಸ್ಸಿನ ಸದ್ದನ್ನು ತಡೆಯುವುದಿಲ್ಲ. ಸೌಂಡ್‌ಪ್ರೂಫ್ ಫೋಮ್ ಎಂದು ಮಾರುವವರು ಈ ಎರಡನ್ನೂ ಬೇಕೆಂದೇ ಕಲಸುತ್ತಾರೆ.

ತಡೆಯ ಕೆಲಸ ಬಾಗಿಲಿನಿಂದ ಶುರುವಾಗಬೇಕು. ಎರಡೂ ಕಡೆ ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಅದು ಒಳ್ಳೆಯ ಗೋಡೆಯೇ. ಆ 10×10 ಅಡಿ ಗೋಡೆಯಲ್ಲಿ 3 ಅಡಿ ಅಗಲದ ಬಾಗಿಲಿದ್ದು, ಅದರ ಕೆಳಗೆ ಬರೀ 3 ಮಿಲಿಮೀಟರ್ ಸಂದಿ ಇದೆ ಅನ್ನಿ. ಗೋಡೆಯ ವಿಸ್ತೀರ್ಣದಲ್ಲಿ ಅದು ಶೇಕಡಾ 0.03. ಅಷ್ಟು ಸಾಕು, ಉಳಿದದ್ದೆಲ್ಲ ಎಷ್ಟೇ ಗಟ್ಟಿಯಿದ್ದರೂ ಇಡೀ ಗೋಡೆಯ ತಡೆ 35 ಡೆಸಿಬೆಲ್ ದಾಟುವುದಿಲ್ಲ. ಸಂದಿ ಶೇಕಡಾ 1 ಆದರೆ 20ಕ್ಕೆ ಇಳಿಯುತ್ತದೆ. ನಮ್ಮ ಮನೆಗಳ ಮಲಗುವ ಕೋಣೆಯ ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಜಾಗ ಇರುವುದು ಸಾಮಾನ್ಯ.

ಬಾಗಿಲಿಗೆ ಮೂರು ದಾರಿ. ಇರುವ ಬಾಗಿಲಿಗೇ ಸುತ್ತ ರಬ್ಬರ್ ಗ್ಯಾಸ್ಕೆಟ್ ಹಾಕಿ, ಕೆಳಗೆ ಮುಚ್ಚಿದಾಗ ತಾನೇ ಇಳಿಯುವ ಡ್ರಾಪ್ ಸೀಲ್ ಕೂರಿಸುವುದು ಅಗ್ಗದ್ದು. ಬಾಗಿಲು ಒಳಗೆ ಟೊಳ್ಳಾಗಿದ್ದರೆ ಇದರಿಂದ ಅಷ್ಟೇನೂ ಲಾಭವಿಲ್ಲ, ತಟ್ಟಿದರೆ ಗೊತ್ತಾಗುತ್ತದೆ. ಎರಡನೆಯದು, ಸದ್ದು ತಡೆಯಲೆಂದೇ ಮಾಡಿದ ಒಂದೇ ಭಾರಿ ಅಕೂಸ್ಟಿಕ್ ಬಾಗಿಲು ತರಿಸುವುದು. ಬೆಲೆ ಜಾಸ್ತಿ, ತೂಕಕ್ಕೆ ಕೀಲು ಜಗ್ಗಿದರೆ ಸೀಲು ಬಿಡುತ್ತದೆ, ಬಡಗಿಗೆ ಮತ್ತೆ ಫೋನ್ ಮಾಡಬೇಕು. ಮೂರನೆಯದು, 9 ಇಂಚಿನ ಗೋಡೆಯ ಎರಡೂ ಅಂಚಿಗೆ ಒಂದೊಂದು ಸಾಲಿಡ್ ಕೋರ್ (ಒಳಗೆ ಟೊಳ್ಳಿಲ್ಲದ) ಫ್ಲಶ್ ಡೋರ್, ಒಂದು ಒಳಗೆ ತೆರೆಯುವಂತೆ, ಇನ್ನೊಂದು ಹೊರಗೆ. 35 ಮಿಲಿಮೀಟರ್ ದಪ್ಪದ ಎರಡು ಸಾಧಾರಣ ಬಾಗಿಲು, ನಡುವೆ ಐದಾರು ಇಂಚು ಗಾಳಿ, ಎರಡಕ್ಕೂ ಬೇರೆಬೇರೆ ಸೀಲು. ಖರ್ಚಿಗೆ ಹೋಲಿಸಿದರೆ ಇದರಷ್ಟು ಫಲ ಕೊಡುವುದು ಬೇರೊಂದಿಲ್ಲ. ಬಾಗಿಲಿನ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಸ್ಪ್ರೇ ಮಾಡುವ ಪಿಯು (ಪಾಲಿಯುರೆಥೇನ್) ಫೋಮ್ ತುಂಬಲು ಬಡಗಿ ಬಂದರೆ ಬೇಡವೆನ್ನಿ. ಅದಕ್ಕೆ ತೂಕವೇ ಇಲ್ಲ. ಸಿಮೆಂಟ್ ಗಾರೆ ತುಂಬಿ, ಒಣಗಿದ ಮೇಲೆ ಅಂಚಿಗೆ ಸಣ್ಣ ಸಂದಿ ಮುಚ್ಚುವ ಅಕೂಸ್ಟಿಕ್ ಸೀಲೆಂಟ್ ಎಳೆಯಬೇಕು.

ಕಿಟಕಿ ಸ್ಲೈಡಿಂಗ್ ಆಗಿದ್ದರೆ ಅದರ ಹಳಿಯಲ್ಲೇ ಸದ್ದು ಬರುತ್ತದೆ. ಗಾಜು ಬದಲಿಸಿ ಪ್ರಯೋಜನವಿಲ್ಲ. ಬೆಳಕು ಬೇಡವೆಂದರೆ ಇಟ್ಟಿಗೆ ಕಟ್ಟಿ ಗಾರೆ ಮಾಡಿಬಿಡುವುದೇ ಉತ್ತಮ. ಬೇಕೆಂದರೆ ಹೊರಗಿನ ಕಿಟಕಿ ಹಾಗೇ ಇರಲಿ, ಒಳಗೆ ಕನಿಷ್ಠ 4 ಇಂಚು ಅಂತರ ಬಿಟ್ಟು ತೆರೆಯಲಾಗದ ಇನ್ನೊಂದು ಗಾಜು ಕೂರಿಸಿ. ಹೊರಗಿನದು 6 ಮಿಲಿಮೀಟರ್ ಇದ್ದರೆ ಒಳಗಿನದು 10 ಮಿಲಿಮೀಟರ್ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿರುವ ಗಾಜು) ಇರಲಿ. ಎರಡೂ ಒಂದೇ ದಪ್ಪವಾದರೆ ಒಂದೇ ಕಂಪನಾಂಕದಲ್ಲಿ ಎರಡೂ ಸೋಲುತ್ತವೆ. ಗಾಜನ್ನು ಓರೆಯಾಗಿ ಕೂರಿಸುವ ಪದ್ಧತಿ ಪ್ರತಿಫಲನ ತಪ್ಪಿಸಲಿಕ್ಕೆ. ತಡೆಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಇಷ್ಟು ಮಾಡಿಯೂ ಸದ್ದು ಬರುತ್ತಿದ್ದರೆ ಗೋಡೆಗೆ ಕೈ ಹಾಕಬೇಕು. ಇಲ್ಲಿ ಎಲ್ಲರೂ ಮಾಡುವ ಕೆಲಸ, ಇರುವ ಗೋಡೆಗೆ 1 ಇಂಚಿನ ಮರದ ರೀಪು ಹೊಡೆದು ಮೇಲೆ ಜಿಪ್ಸಂ ಬೋರ್ಡ್ ಬಿಗಿಯುವುದು. ಎರಡು ಭಾರದ ಪದರಗಳ ನಡುವೆ ಸಿಕ್ಕ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ. 25 ಮಿಲಿಮೀಟರ್ ಗಾಳಿಯಲ್ಲಿ, ಎರಡು ಪದರ ಜಿಪ್ಸಮ್ಮಿಗೆ, ಆ ಸ್ಪ್ರಿಂಗ್ ಅದುರುವುದು 88 ಹರ್ಟ್ಸ್ ಆಸುಪಾಸಿನಲ್ಲಿ. ಲಾರಿ, ಮೋಟಾರ್, ಡಿಜೆ ಬಾಸ್ ಇರುವುದೂ ಅಲ್ಲೇ. ಹಾಗಾಗಿ ಕುಕ್ಕರ್ ಸೀಟಿ ನಿಂತು ಲಾರಿ ಇನ್ನೂ ಚೆನ್ನಾಗಿ ಕೇಳತೊಡಗುತ್ತದೆ. ಸರಿಯಾದದ್ದು: ಗೋಡೆಯನ್ನು ಮುಟ್ಟದೆ, 25 ಮಿಲಿಮೀಟರ್ ಬಿಟ್ಟು, ನೆಲ ಮತ್ತು ಸೂರಿಗೆ ಮಾತ್ರ ಬಿಗಿದ 50 ಮಿಲಿಮೀಟರಿನ ಜಿಐ (ಸತು ಲೇಪಿಸಿದ ತಗಡಿನ) ಚಾನೆಲ್ ಚೌಕಟ್ಟು, ಅದರ ತಳಕ್ಕೆ ರಬ್ಬರ್ ಪಟ್ಟಿ, ಒಳಗೆ ಘನ ಮೀಟರಿಗೆ 48 ಕಿಲೋ ಸಾಂದ್ರತೆಯ 50 ಮಿಲಿಮೀಟರ್ ರಾಕ್‌ವುಲ್, ಮೇಲೆ 12.5 ಮಿಲಿಮೀಟರ್ ಜಿಪ್ಸಂ ಎರಡು ಪದರ, ಮೊದಲ ಪದರದ ಜಾಯಿಂಟ್ ಮೇಲೆ ಎರಡನೆಯದರ ಜಾಯಿಂಟ್ ಬಾರದಂತೆ. ಅಂಚುಗಳಿಗೆಲ್ಲ ಸೀಲೆಂಟ್. ಈಗ ಆ ಅದುರು 50 ಹರ್ಟ್ಸ್‌ಗೆ ಇಳಿಯುತ್ತದೆ, ರಾಕ್‌ವುಲ್ ಅದನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಪ್ರತಿ ಗೋಡೆಗೂ 4 ಇಂಚು ಹೋಗುವುದರಿಂದ ಕೋಣೆ 11 ಅಡಿ 4 ಇಂಚು, 9 ಅಡಿ 4 ಇಂಚಿಗೆ ಬರುತ್ತದೆ. ಸ್ವಿಚ್ ಬಾಕ್ಸ್‌ಗಳನ್ನು ಈ ಹೊಸ ಪದರದಲ್ಲಿ ಕೊರೆದು ಕೂರಿಸಬೇಡಿ, ಮೇಲೆಯೇ ಇರಲಿ. ಒಂದೊಂದು ಬಾಕ್ಸೂ ಒಂದೊಂದು ತೂತು.

ಜಿಪ್ಸಂ ಬದಲು ಇನ್ನೊಂದು ಬ್ಲಾಕ್ ಗೋಡೆಯನ್ನೇ ಎಬ್ಬಿಸಿದರೆ? ತಡೆ ಖಂಡಿತ ಹೆಚ್ಚು. ಆದರೆ 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 10 ಅಡಿ ಎತ್ತರಕ್ಕೆ ಉದ್ದದ ಒಂದು ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. ಮೊದಲ ಮಹಡಿಯ ಸ್ಲ್ಯಾಬ್ ಮೇಲೆ, ಕೆಳಗೆ ಬೀಮ್ ಇಲ್ಲದ ಕಡೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಇದನ್ನು ಮಾಡಲೇಬಾರದು. ನೆಲಮಹಡಿಯಾದರೆ ಯೋಚಿಸಬಹುದು.

ಎರಡು ಸದ್ದುಗಳಿಗೆ ನಿಮ್ಮ ಕೋಣೆಯೊಳಗೆ ಮದ್ದಿಲ್ಲ. ಮೇಲಿನ ಮನೆಯವರ ಕಾಲ್ಸಪ್ಪಳಕ್ಕೆ ಅವರ ನೆಲದ ಮೇಲೆಯೇ ಜಮಖಾನೆಯೋ ರಬ್ಬರ್ ಹಾಸೋ ಬೀಳಬೇಕು. ಸಂಪಿನ ಮೋಟಾರ್ ಪೈಪಿನ ಮೂಲಕ ಗೋಡೆಗೆ ಹತ್ತುತ್ತದೆ. ಮೋಟಾರಿನ ಅಡಿಗೆ ರಬ್ಬರ್ ಪ್ಯಾಡ್, ಪೈಪಿಗೆ ಒಂದು ಅಡಿ ಫ್ಲೆಕ್ಸಿಬಲ್ ಹೋಸ್ ಹಾಕಿದರೆ ಕೆಲವೇ ನೂರು ರೂಪಾಯಿಯಲ್ಲಿ ಹೋಗುವ ಸದ್ದು ಅದು. ಅದಕ್ಕಾಗಿ ಗೋಡೆ ಕಟ್ಟುವವರೂ ಇದ್ದಾರೆ.

ಸಂದಿ ಎಲ್ಲಿದೆ ಎಂದು ಹುಡುಕಲು ಊದುಬತ್ತಿ ಸಾಕು. ಕೋಣೆಯ ಎಕ್ಸಾಸ್ಟ್ ಓಡಿಸಿ, ಬಾಗಿಲು ಕಿಟಕಿಯ ಅಂಚಿನಲ್ಲಿ ಊದುಬತ್ತಿ ಹಿಡಿದು ಸಾಗಿ. ಹೊಗೆ ಒಳಕ್ಕೆ ಬಾಗಿದ ಕಡೆ ಸೀಲೆಂಟ್ ಬೇಕು.

ಎಸಿ ಮತ್ತು ಉಸಿರು

ಸಂದಿಗಳನ್ನೆಲ್ಲ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಒಂದು ಗಂಟೆ ಕೂತರೆ ತೂಕಡಿಕೆ ಬರುತ್ತದೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಇದು ಎಷ್ಟೋ ಜನರಿಗೆ ಕೆಲಸ ಮುಗಿದ ಮೇಲೆ ಗೊತ್ತಾಗುತ್ತದೆ.

ಒಬ್ಬರಿಗೆ ಸೆಕೆಂಡಿಗೆ 8 ಲೀಟರ್ ಎಂದಿಟ್ಟುಕೊಂಡರೆ ನಾಲ್ವರಿಗೆ ಸುಮಾರು 30 ಲೀಟರ್ ಹೊಸ ಗಾಳಿ ಬೇಕು. 4 ಇಂಚಿನ ಪೈಪಿನಲ್ಲಿ ಇಷ್ಟು ಗಾಳಿ ಸೆಕೆಂಡಿಗೆ 3.7 ಮೀಟರ್ ವೇಗದಲ್ಲಿ ಓಡುತ್ತದೆ, ಸುಯ್ಯೆನ್ನುವ ಸದ್ದು ಮೈಕಿಗೆ ಬೀಳುತ್ತದೆ. 6 ಇಂಚಾದರೆ 1.6 ಮೀಟರ್, ಸದ್ದಿಲ್ಲ. ಪೈಪಿನ ನಡುವೆ ಕೂರುವ ಇನ್‌ಲೈನ್ ಫ್ಯಾನ್ ಕೋಣೆಯ ಹೊರಗಿರಲಿ, ನಡುವೆ 18 ಮಿಲಿಮೀಟರ್ ಪ್ಲೈವುಡ್‌ನ ಒಂದು ಪೆಟ್ಟಿಗೆ, ಒಳಗೆ 1 ಇಂಚು ಹೀರುವ ಪದರ, ಗಾಳಿ ಎರಡು ಸಲ ತಿರುಗಿ ಬರುವಂತೆ ಅಡ್ಡಗೋಡೆ. ಒಳಬರಲು ಒಂದು, ಹೊರಹೋಗಲು ಇನ್ನೊಂದು.

ಎಸಿ ವಿಷಯದಲ್ಲಿ ಇನ್ವರ್ಟರ್ ಮಾದರಿಯೇ ಸರಿ. ಟಕ್ ಎಂದು ಆಫ್ ಆಗಿ ಮತ್ತೆ ಆನ್ ಆಗುವ ಹಳೆಯ ಮಾದರಿ ಟೇಕ್ ನಡುವೆ ಸದ್ದು ಬದಲಿಸುತ್ತದೆ. ಇಬ್ಬರು ಮನುಷ್ಯರು, ಕಂಪ್ಯೂಟರ್, ಸ್ಪೀಕರ್, ದೀಪ ಎಲ್ಲ ಸೇರಿ 600 ರಿಂದ 700 ವ್ಯಾಟ್ ಶಾಖ; 1 ಟನ್ ಎಸಿ 3,500 ವ್ಯಾಟ್ ತೆಗೆಯುತ್ತದೆ, ಧಾರಾಳವಾಯಿತು. ಪೈಪಿಗೆಂದು ಗೋಡೆಯಲ್ಲಿ ಕೊರೆದ 3 ಇಂಚಿನ ತೂತನ್ನು ಎಸಿಯವರು ಬಿಳಿ ಪುಟ್ಟಿ ಮೆತ್ತಿ ಹೋಗುತ್ತಾರೆ. ಅದನ್ನು ಕಿತ್ತು ಗಾರೆ, ಸೀಲೆಂಟ್ ತುಂಬಿಸಿ.

ಮಂಗಳೂರು, ಉಡುಪಿ, ಕಾರವಾರದವರಿಗೆ ಮಳೆಗಾಲದ ನಾಲ್ಕು ತಿಂಗಳು ಬೇರೆ ಲೆಕ್ಕ. ಎಸಿಯ ಡ್ರೈ ಮೋಡ್ ಸಾಲದೆ ಡಿಹ್ಯುಮಿಡಿಫೈಯರ್ ಬೇಕಾಗುತ್ತದೆ. ತೇವಾಂಶ ಶೇಕಡಾ 50ರ ಆಸುಪಾಸು ನಿಂತರೆ ಪ್ಯಾನೆಲ್ ಬಟ್ಟೆಗೆ ಬೂಸ್ಟು ಹಿಡಿಯದು, ತಬಲಾ ಮೃದಂಗಗಳ ಶ್ರುತಿಯೂ ಇಳಿಯದು. ಪ್ಲೈವುಡ್ ಎಲ್ಲ ನೀರಿಗೆ ಜಗ್ಗದ ಐಎಸ್ 710 ದರ್ಜೆಯದೇ ಇರಲಿ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್‌ಗಳನ್ನು ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ. ಒದ್ದೆ ಹಿಡಿದ ಕ್ಯಾಪ್ಸೂಲ್ (ಮೈಕಿನೊಳಗೆ ಸದ್ದು ಹಿಡಿಯುವ ಭಾಗ) ಚಟಚಟ ಎನ್ನತೊಡಗುತ್ತದೆ.

ಕರೆಂಟು

ಹೆಡ್‌ಫೋನಿನಲ್ಲಿ ಗುಂಯ್ ಎಂಬ ಸದ್ದು ಬಂದೊಡನೆ ಕೇಬಲ್ ಬದಲಿಸುವವರು, ಇಂಟರ್‌ಫೇಸ್ ಮಾರುವವರು ಇದ್ದಾರೆ. ಮೊದಲು ಮಲ್ಟಿಮೀಟರ್ ತಂದು ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಅಳೆಯಿರಿ. 2 ವೋಲ್ಟ್ ಒಳಗಿರಬೇಕು. 8, 10 ಎಂದು ತೋರಿಸಿದರೆ ಅರ್ತಿಂಗ್ ಸರಿಯಿಲ್ಲ ಅಥವಾ ನ್ಯೂಟ್ರಲ್ ಸಡಿಲವಾಗಿದೆ. ಅದು ಎಲೆಕ್ಟ್ರಿಷಿಯನ್ ಕೆಲಸ. ಲೋಹದ ಮೈಕ್ ತುಟಿಗೆ ತಾಗಿದಾಗ ಜುಮ್ ಎಂದರೆ ಅವತ್ತಿನ ಕೆಲಸ ನಿಲ್ಲಿಸಿ. ಈ ಗುಂಯ್ ಸದ್ದು (ಹಮ್) ಹೋಗಲೆಂದು ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ತೆಗೆಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ಜೀವಕ್ಕೆ ಅಪಾಯ.

ಸರಿಯಾದ ವ್ಯವಸ್ಥೆ ಹೀಗೆ: ಮೀಟರ್ ಬೋರ್ಡಿನಿಂದ ಸ್ಟುಡಿಯೋಗೆಂದೇ 2.5 ಚದರ ಮಿಲಿಮೀಟರ್ ತಂತಿಯ ಒಂದು ಪ್ರತ್ಯೇಕ ಸರ್ಕ್ಯೂಟ್, ಭಾರ ಹೆಚ್ಚಿದರೆ ಕರೆಂಟು ಕಡಿಯುವ 16 ಆಂಪಿಯರ್ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಎಸಿಗೆ ಬೇರೆಯೇ 4 ಚದರ ಮಿಲಿಮೀಟರ್ ತಂತಿ. ಸಂಗೀತದ ಉಪಕರಣವೆಲ್ಲ ಒಂದೇ ಬೋರ್ಡಿನಿಂದ ಕವಲೊಡೆಯಬೇಕು. ಒಂದನ್ನು ಈ ಗೋಡೆಗೂ ಇನ್ನೊಂದನ್ನು ಆ ಗೋಡೆಗೂ ಚುಚ್ಚಿದರೆ ಅರ್ತ್ ತಂತಿಯೇ ಒಂದು ಉರುಳಾಗಿ ಕರೆಂಟಿನ 50 ಹರ್ಟ್ಸ್ ಗುಂಯ್ ಹಿಡಿಯುತ್ತದೆ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಡಿಮ್ಮರ್ ಈ ಕೋಣೆಗೆ ಬೇಡ.

ಬ್ಯಾಕಪ್ಪಿಗೆ ಮನೆಯ ಇನ್ವರ್ಟರ್ ಅಥವಾ ಆನ್‌ಲೈನ್ ಯುಪಿಎಸ್? ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಪ್ರೀಆಂಪ್ (ಮೈಕಿನ ಸದ್ದು ಹಿಗ್ಗಿಸುವ ಭಾಗ) ಜುಯ್ಗುಡುತ್ತದೆ. ಸೈನ್ ವೇವ್ ಆದರೆ ಪರವಾಗಿಲ್ಲ, ಆದರೆ ಕರೆಂಟು ಹೋದ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಭಯ ಇದ್ದೇ ಇರುತ್ತದೆ. 1 ಕೆವಿಎ ಆನ್‌ಲೈನ್ ಯುಪಿಎಸ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ನಡುಗಾಲವೇ ಇಲ್ಲ. ಅದರ ಫ್ಯಾನ್ ಸದಾ ಓಡುತ್ತದೆ, ಹಾಗಾಗಿ ಅದರ ಜಾಗ ಕೋಣೆಯ ಹೊರಗೆ.

ಹೀರುವ ಪದರ: ಫೋಮ್, ರಾಕ್‌ವುಲ್, ಪಿಇಟಿ, ಮರ

ಜಿಪ್ಸಂ ಪದರ ಹಾಕದ ನಮ್ಮ ಕೋಣೆಯ ಗಾತ್ರ 34 ಘನ ಮೀಟರ್. ಬರಿಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಸಾಯಲು ಸೆಕೆಂಡುಗಳೇ ಬೇಕು. ನಮಗೆ ಬೇಕಾದದ್ದು 0.3 ಸೆಕೆಂಡ್ ಆಸುಪಾಸು. ಸದ್ದು ಸಾಯುವ ಕಾಲದ ಲೆಕ್ಕ ಹೇಳುವ ಸಬೀನ್ ಸೂತ್ರದ ಪ್ರಕಾರ ಅದಕ್ಕೆ 18 ಚದರ ಮೀಟರ್ ಪೂರ್ಣ ಹೀರಿಕೆ ಬೇಕು. ಜನ, ಕುರ್ಚಿ, ಜಮಖಾನೆ ಮೂರು ಚದರ ಮೀಟರಿನಷ್ಟು ಕೊಡುತ್ತವೆ. ಉಳಿದ 15 ಚದರ ಮೀಟರ್, ಅಂದರೆ 160 ಚದರ ಅಡಿ, ಪ್ಯಾನೆಲ್‌ನಿಂದ ಬರಬೇಕು. 4×2 ಅಡಿಯ ಪ್ಯಾನೆಲ್ ಇಪ್ಪತ್ತು.

ಯಾವ ಪ್ಯಾನೆಲ್? 2 ಇಂಚಿನ ಪಿರಮಿಡ್ ಫೋಮ್ ಮೇಲಿನ (ಹೆಚ್ಚು ಕಂಪನಾಂಕದ) ಸದ್ದನ್ನಷ್ಟೇ ತಿನ್ನುತ್ತದೆ. 500 ಹರ್ಟ್ಸ್ ಕೆಳಗಿನದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಕೋಣೆ ಮಂಕಾಗಿ, ಆದರೆ ಗುಡುಗುಡು ಎಂದೇ ಉಳಿಯುತ್ತದೆ. ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಮೇಲಾಗಿ ಸಾದಾ ಪಿಯು ಫೋಮ್ ಕೆಲವೇ ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ, ಬೆಂಕಿ ಹತ್ತಿದರೆ ವಿಷದ ಹೊಗೆ. ಹೊಸದಾಗಿ ಬಂದಿರುವ 9, 12 ಮಿಲಿಮೀಟರಿನ ಬಣ್ಣದ ಪಿಇಟಿ (ಪಾಲಿಯೆಸ್ಟರ್ ನಾರಿನ) ಹಲಗೆಗಳು ನೋಡಲು ಚೆಂದ, ಕತ್ತರಿಸಲು ಸುಲಭ, ಆದರೆ ಗೋಡೆಗೆ ನೇರ ಅಂಟಿಸಿದರೆ ಫೋಮ್‌ಗಿಂತಲೂ ತೆಳ್ಳಗಿನ ಕೆಲಸ. ತೂತು ಅಥವಾ ಸೀಳಿರುವ ಮರದ ಪ್ಯಾನೆಲ್ ಹಿಂದೆ ರಾಕ್‌ವುಲ್ ಮತ್ತು ಅಂತರ ಇದ್ದರೆ ಮಧ್ಯದ ಸದ್ದಿಗೆ ಒಳ್ಳೆಯದು, ಇಲ್ಲದಿದ್ದರೆ ಅಲಂಕಾರ. ಸದ್ದನ್ನು ಚದುರಿಸುವ ಡಿಫ್ಯೂಸರ್ ಈ ಅಳತೆಯ ಕೋಣೆಗೆ ಬೇಡ; ಅದು ಕೆಲಸ ಮಾಡಲು ಬೇಕಾದ ದೂರ ಇಲ್ಲಿಲ್ಲ.

ಉಳಿದದ್ದು ರಾಕ್‌ವುಲ್. 48ರಿಂದ 64 ಕಿಲೋ ಸಾಂದ್ರತೆಯ 50 ಮಿಲಿಮೀಟರ್ ಸ್ಲ್ಯಾಬ್ ಎರಡು ಸೇರಿಸಿ 4 ಇಂಚು ದಪ್ಪ, ಹಿಂದೆ ಗೋಡೆಯಿಂದ 4 ಇಂಚು ಬಿಡುವು. ಆ ಬಿಡುವು ಪುಕ್ಕಟೆ ಸಿಗುವ ದಪ್ಪ. ಅದನ್ನು ಬಿಡದೆ ಗೋಡೆಗೆ ಒತ್ತಿ ಹೊಡೆಯುವುದು ನಷ್ಟ. 160 ಚದರ ಅಡಿಗೆ 1.2×0.6 ಮೀಟರಿನ ಸ್ಲ್ಯಾಬ್ 42 ಬೇಕು, ಮುರಿಯುವುದನ್ನೂ ಹಿಡಿದು 45 ತನ್ನಿ. ಒಂದು ಮೀಟರ್ ಉದ್ದದ್ದೂ ಮಾರುಕಟ್ಟೆಯಲ್ಲಿದೆ, ಚೌಕಟ್ಟು ಮಾಡಿಸುವ ಮೊದಲು ಅಂಗಡಿಯಲ್ಲಿ ಟೇಪ್ ಹಿಡಿದು ನೋಡಿ. ಕೈಗವಸು, ಎನ್95 ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ಸ್ಲ್ಯಾಬನ್ನು ಮೊದಲು ತೆಳು ನಾನ್‌ವೋವನ್ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಹೊರಬಟ್ಟೆ. ಹೊರಬಟ್ಟೆಯ ಪರೀಕ್ಷೆ ಬಾಯಿಂದ ಊದುವುದು: ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ಖಾದಿ ಇದಕ್ಕೆ ಹೇಳಿಮಾಡಿಸಿದ್ದು. ರೆಕ್ಸಿನ್ ಹಾಕಿದರೆ ಪ್ಯಾನೆಲ್ ಗೋಡೆಯಾಗುತ್ತದೆ.

ಎಲ್ಲಿ ಹಾಕಬೇಕು? ಕೋಣೆಯ ಮೂಲೆಗಳಿಗೆ ಮೊದಲು. ಬೂತಿಗೆ ಮಾಡಿದ ಲೆಕ್ಕದಂತೆಯೇ 12 ಅಡಿಯಿಂದ 47 ಹರ್ಟ್ಸ್, 10 ಅಡಿಯಿಂದ 57 ಹರ್ಟ್ಸ್ ಬರುತ್ತದೆ. ಅಗಲ, ಎತ್ತರ ಎರಡೂ 10 ಅಡಿಯಾದ್ದರಿಂದ 57 ಎರಡು ಪಟ್ಟು ಊದುತ್ತದೆ. ಇವೆಲ್ಲ ಮೂಲೆಯಲ್ಲಿ ಒಟ್ಟುಗೂಡುತ್ತವೆ. ನಾಲ್ಕು ಮೂಲೆಗೆ ಅಡ್ಡಲಾಗಿ ನೆಲದಿಂದ ಸೂರಿನವರೆಗೆ 2 ಅಡಿ ಅಗಲ ನಿಲ್ಲಿಸಿದರೆ ಅಲ್ಲೇ 80 ಚದರ ಅಡಿ ಆಯಿತು. ನಮ್ಮ ಮನೆಗಳಲ್ಲಿ ಬಾಗಿಲು ಒಂದು ಮೂಲೆಗೇ ಒತ್ತಿಕೊಂಡಿರುತ್ತದೆ. ಆ ಮೂಲೆ ತಪ್ಪಿದರೆ, ಗೋಡೆ ಮತ್ತು ಸೂರು ಸೇರುವ ಅಂಚಿಗೆ ಅದೇ ಪ್ಯಾನೆಲ್ ಅಡ್ಡ ಹಾಕಿ. ಮಿಕ್ಕದ್ದು ಸ್ಪೀಕರ್ ಸದ್ದು ಮೊದಲು ಬಡಿಯುವ ಪಕ್ಕದ ಗೋಡೆಗಳಿಗೆ ಎರಡೆರಡು, ತಲೆಯ ಮೇಲೆ 6×4 ಅಡಿಯದೊಂದು ತೂಗು ಪ್ಯಾನೆಲ್, ಹಿಂಗೋಡೆಗೆ ಮೂರು. ಪಕ್ಕದ ಗೋಡೆಯ ಜಾಗ ಹಿಡಿಯಲು ಒಬ್ಬರು ಕನ್ನಡಿ ಸರಿಸುತ್ತ ಹೋಗಲಿ, ಕೂತವರಿಗೆ ಅದರಲ್ಲಿ ಸ್ಪೀಕರ್ ಕಂಡ ಕಡೆ ಗುರುತು ಹಾಕಿ.

ಹೊರದೇಶದ ಮಾರ್ಗದರ್ಶಿಗಳಲ್ಲಿ ಇಲ್ಲದ ಒಂದು ವಿಷಯ. ಅಲ್ಲಿ ಹಾಡುವವರು ನಿಂತಿರುತ್ತಾರೆ, ಪ್ಯಾನೆಲ್ 4 ಅಡಿಯಿಂದ ಮೇಲೆ ಇರುತ್ತದೆ. ನಮ್ಮ ಗಾಯಕ, ಮೃದಂಗ, ವೀಣೆ, ಹಾರ್ಮೋನಿಯಂ ಎಲ್ಲ ನೆಲದ ಮೇಲೆ. ದನಿ ಹೊರಡುವುದು ಎರಡೂವರೆ ಅಡಿ ಎತ್ತರದಿಂದ, ಮೃದಂಗದ ಸದ್ದು ಇನ್ನೂ ಕೆಳಗಿನಿಂದ. ಕಲಾವಿದರು ಕೂರುವ ಕಡೆಯ ಪ್ಯಾನೆಲ್‌ಗಳು ನೆಲದಿಂದ ಅರ್ಧ ಅಡಿಗೇ ಶುರುವಾಗಲಿ. ನೆಲಕ್ಕೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಬೇಡಿ. ಅದು ಮೇಲಿನ ಸದ್ದನ್ನು ಮಾತ್ರ ಕೊಂದು ವೀಣೆಯ ಮೀಟಿನ ಮೊನೆಯನ್ನು ಮಂಕು ಮಾಡುತ್ತದೆ, ಧೂಳು ಬೇರೆ. ಟೈಲ್ಸ್ ಅಥವಾ ವುಡನ್ ಫ್ಲೋರಿಂಗ್ ಹಾಗೇ ಇರಲಿ, ಬೇಕಾದಾಗ ಹಾಸಿ ಬೇಡವಾದಾಗ ಸುತ್ತಿಡಲು ನವಲಗುಂದದ ಜಮಖಾನೆ ಒಂದೆರಡು ಇದ್ದರೆ ಸಾಕು.

ಕೊನೆಗೆ ಪೆಟ್ಟಿಗೆಗಳು

ಮೈಕ್ ದುಬಾರಿಯಾದಷ್ಟೂ ಕೋಣೆಯ ತಪ್ಪು ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ. ರೋಡ್ ಎನ್‌ಟಿ1ರ ಸ್ವಂತ ಶಬ್ದ 4 ಡೆಸಿಬೆಲ್ ಆಸುಪಾಸು, ಅದರ ಎಷ್ಟೋ ಪಟ್ಟು ಬೆಲೆಯ ನಾಯ್‌ಮನ್ ಯು87ರದ್ದು 12. ಕೋಣೆಯ ಹಿನ್ನೆಲೆ ಸದ್ದು 35 ಇರುವಾಗ ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. 25ಕ್ಕೆ ಇಳಿದ ಮೇಲೆ ದನಿಯ ಗುಣ ನೋಡಿ ಆರಿಸಿ. ಶ್ಯೂರ್ ಎಸ್‌ಎಂ7ಬಿ ಕೋಣೆಯನ್ನು ಹಿಡಿಯುವುದಿಲ್ಲ ಎಂಬ ಮಾತು ಅರ್ಧ ನಿಜ. ತುಟಿಗೆ ನಾಲ್ಕು ಬೆರಳು ದೂರದಲ್ಲಿಟ್ಟರೆ ಯಾವ ಮೈಕೂ ಕೋಣೆಯ ಸದ್ದನ್ನು ಕಡಿಮೆಯೇ ಹಿಡಿಯುತ್ತದೆ. ಎಸ್‌ಎಂ7ಬಿಗೆ 60 ಡೆಸಿಬೆಲ್ ಗೇನ್, ಅಂದರೆ ಸದ್ದಿನ ಹಿಗ್ಗಿಸುವಿಕೆ, ಬೇಕು, ಅಗ್ಗದ ಪ್ರೀಆಂಪ್ ಅಲ್ಲಿ ಶ್ ಎನ್ನುತ್ತದೆ. ಡಬ್ಬಿಂಗಿಗೆ ಸರಿ, ಆಲಾಪಕ್ಕೆ ಕಂಡೆನ್ಸರೇ ಮೇಲು. ಮೃದಂಗಕ್ಕೆ ಎರಡು ಎಸ್‌ಎಂ57 ಇಟ್ಟು, ಉಳಿದ ಹಣವನ್ನು ಮೂಲೆಯ ಪ್ಯಾನೆಲ್‌ಗೆ ಹಾಕಿ.

ಇಂಟರ್‌ಫೇಸ್ ಎರಡು ಚಾನೆಲ್ಲಿನದೋ ಎಂಟರದೋ ಎಂಬ ಗೊಂದಲಕ್ಕೆ ನಡುದಾರಿ ಇದೆ: ಎರಡು ಮೈಕ್ ಇನ್‌ಪುಟ್, ಜೊತೆಗೆ ಒಂದೇ ಕೇಬಲ್ಲಿನಲ್ಲಿ ಹಲವು ಚಾನೆಲ್ ತರುವ ಅಡಾಟ್ ಆಪ್ಟಿಕಲ್ ಇನ್‌ಪುಟ್ ಇರುವುದನ್ನು ಕೊಳ್ಳಿ. ಆಡಿಯೆಂಟ್ ಐಡಿ14 ಅಂಥದ್ದು. ಮುಂದೆ ಕಛೇರಿ ಹಾಗೆ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಕೆಲಸ ಬಂದಾಗ ಎಂಟು ಚಾನೆಲ್ ಪ್ರೀಆಂಪ್ ಒಂದನ್ನು ಆ ಕೇಬಲ್‌ಗೆ ಸೇರಿಸಿದರೆ ಹತ್ತು ಆಯಿತು. ಅಡಾಟ್‌ನಲ್ಲಿ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿಗೆ ಎಂಟು ಚಾನೆಲ್, 96ಕ್ಕೆ ನಾಲ್ಕೇ. ಎರಡು ಪೆಟ್ಟಿಗೆಯಲ್ಲಿ ಒಂದರ, ಡಿಜಿಟಲ್ ತಾಳ ಹಿಡಿಯುವ ಕ್ಲಾಕ್‌ಗೆ ಇನ್ನೊಂದು ಹೊಂದಿಕೊಳ್ಳುವಂತೆ ಸೆಟ್ ಮಾಡದಿದ್ದರೆ ರೆಕಾರ್ಡಿಂಗ್ ತುಂಬ ಟಿಕ್ ಟಿಕ್.

ಸ್ಪೀಕರ್ 5 ಇಂಚೋ 8 ಇಂಚೋ? ಯಮಹಾ ಎಚ್‌ಎಸ್8 38 ಹರ್ಟ್ಸ್‌ವರೆಗೆ ಇಳಿಯುತ್ತದೆ, ಎಚ್‌ಎಸ್5 54ರವರೆಗೆ. ಈ ಕೋಣೆ 47, 57ರಲ್ಲೇ ಊದುವುದರಿಂದ ದೊಡ್ಡದು ತಂದರೆ ಕೋಣೆಯನ್ನೇ ಕೇಳಿದಂತಾಗುತ್ತದೆ. 5 ಇಂಚಿನದು ಸಾಕು. ಕೆಳಗಿನ ಸದ್ದನ್ನು ಸೆನ್‌ಹೈಸರ್ ಎಚ್‌ಡಿ 600 ತರಹದ, ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ನೋಡಿಕೊಳ್ಳಿ. ಹಾಡುವವರಿಗೆ ಮಾತ್ರ ಮುಚ್ಚಿದ ಹೆಡ್‌ಫೋನೇ ಬೇಕು, ಇಲ್ಲದಿದ್ದರೆ ಶ್ರುತಿಪೆಟ್ಟಿಗೆ, ತಾಳದ ಕ್ಲಿಕ್ ಎರಡೂ ಮೈಕಿಗೆ ಸೋರುತ್ತವೆ. ಸ್ಪೀಕರನ್ನು 10 ಅಡಿಯ ಗೋಡೆಗೆ ಬೆನ್ನು ಮಾಡಿ, 12 ಅಡಿಯ ಉದ್ದಕ್ಕೆ ಮುಖ ಮಾಡಿ ಇಡಿ. ಗೋಡೆಯಿಂದ 3 ಅಡಿ ಮುಂದಿಟ್ಟರೆ ಹಿಂದಿನ ಪ್ರತಿಫಲನ 95 ಹರ್ಟ್ಸ್ ಹತ್ತಿರ ಸದ್ದು ಕುಸಿಯುವ ಒಂದು ಗುಂಡಿ ತೋಡುತ್ತದೆ. ಗೋಡೆಗೆ ಹತ್ತಿರವೇ ಇಟ್ಟು ಹಿಂದೊಂದು ಪ್ಯಾನೆಲ್ ಹಾಕುವುದು ವಾಸಿ. ಕೂರುವ ಜಾಗ ಮುಂಗೋಡೆಯಿಂದ ನಾಲ್ಕೂವರೆ ಅಡಿಗೆ ಶುರುಮಾಡಿ. ಕೋಣೆಯ ನಡುಮಧ್ಯ ಕೂತರೆ 47 ಹರ್ಟ್ಸ್ ಮಾಯವಾಗಿಬಿಡುತ್ತದೆ.

ಕೆಲಸದ ಸಾಲು, ದುಡ್ಡಿನ ಪಾಲು

ಮೊದಲು ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಹೊತ್ತು ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ, ಯಾವ ಸದ್ದು ಎಲ್ಲಿಂದ ಎಂದು ಪಟ್ಟಿ ಮಾಡಿ. ಆಮೇಲೆ ವೈರಿಂಗ್ ಪೈಪು, ಗಾಳಿಯ ತೂತು, ಎಸಿ ಪೈಪು. ಅವುಗಳ ನಂತರ ಗೋಡೆ, ಸೂರು, ಬಾಗಿಲು. ಊದುಬತ್ತಿ ಪರೀಕ್ಷೆ ಬಣ್ಣಕ್ಕಿಂತ ಮೊದಲು. ಬಣ್ಣ, ನೆಲ ಮುಗಿದು ಧೂಳು ಕೂತ ಮೇಲೆ ಪ್ಯಾನೆಲ್, ಕಟ್ಟಕಡೆಗೆ ಉಪಕರಣ.

ಕೈಯಲ್ಲಿ ನೂರು ರೂಪಾಯಿ ಇದ್ದರೆ ತಡೆ, ಬಾಗಿಲು, ಎಸಿ, ಗಾಳಿಗೆ ನಲವತ್ತು, ವಿದ್ಯುತ್ತಿಗೆ ಹತ್ತು, ಪ್ಯಾನೆಲ್‌ಗೆ ಹದಿನೈದು, ಉಪಕರಣಕ್ಕೆ ಇಪ್ಪತ್ತೈದು, ಹತ್ತು ಜೇಬಿನಲ್ಲೇ ಇರಲಿ. ಹೊರಗೆ ಸದ್ದೇ ಇಲ್ಲದ ಹಳ್ಳಿಮನೆ, ತೋಟದ ಮನೆಯವರು ಮೊದಲ ನಲವತ್ತರಲ್ಲಿ ಅರ್ಧವನ್ನು ಪ್ಯಾನೆಲ್‌ಗೆ ತಿರುಗಿಸಬಹುದು.

ಆ ಉಳಿಸಿದ ಹತ್ತರಲ್ಲಿ ಒಂದು ಅಳತೆಯ ಮೈಕ್ ಕೊಳ್ಳಿ. ಕೋಣೆಯ ದನಿ ಅಳೆಯುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮೈಕನ್ನು ಕೂರುವವರ ಕಿವಿಯ ಎತ್ತರಕ್ಕೆ ನಿಲ್ಲಿಸಿ 20ರಿಂದ 300 ಹರ್ಟ್ಸ್‌ವರೆಗೆ ಸ್ವೀಪ್ (ಏರುತ್ತ ಹೋಗುವ ಪರೀಕ್ಷೆಯ ದನಿ) ಓಡಿಸಿ, ಕುರ್ಚಿಯನ್ನು ಅರ್ಧರ್ಧ ಅಡಿ ಹಿಂದೆಮುಂದೆ ಸರಿಸಿ ಮತ್ತೆ ಓಡಿಸಿ. ಗ್ರಾಫಿನಲ್ಲಿ ಗುಡ್ಡ ಉಳಿದ ಕಡೆ ಮೂಲೆಗೆ ಇನ್ನೊಂದು ಪದರ ಸೇರಿಸಬಹುದು. ಗುಂಡಿ ಇದ್ದ ಕಡೆ ಈಕ್ವಲೈಸರ್ ಎತ್ತಿದರೆ ಸ್ಪೀಕರ್ ಬಿಸಿಯಾಗುತ್ತದೆಯೇ ಹೊರತು ಗುಂಡಿ ತುಂಬುವುದಿಲ್ಲ. ಅಲ್ಲಿ ಸ್ಪೀಕರ್ ಅಥವಾ ಕುರ್ಚಿ ಜಾಗ ಬದಲಿಸಬೇಕು.